ಓವನ್ ಬಾಗಿಲು ಹಾಕುವ ಮೊದಲು

(ಹಾಸನದಲ್ಲಿ ಮನೆ ಅಡುಗೆಯಲ್ಲಿ ಆಸಕ್ತಿ ಇರುವವರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು. ಓದುವುದಕ್ಕೆ ಸರಿಯಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಿಂತುಕೊಂಡು ಬೇಕಿಂಗ್ ಬಗ್ಗೆ ಮಾತಾಡೋದಕ್ಕೆ ಸ್ವಲ್ಪ ಧೈರ್ಯ ಬೇಕು. ಬೆಂಗಳೂರಿನಲ್ಲಿ ಯಾವುದಾದರೂ ಅಯ್ಯಂಗಾರ್ ಬೇಕರಿಗೆ ಹೋಗಿ, ಗಲ್ಲಾದ ಮುಂದೆ ಕೂತವರನ್ನು "ಯಾವೂರು ಸ್ವಾಮಿ?" ಅಂತ ಕೇಳಿ ನೋಡಿ. "ಹಾಸನದ ಕಡೆ" ಅನ್ನುವ ಉತ್ತರ ಬರುವ ಸಾಧ್ಯತೆಯೇ ಜಾಸ್ತಿ. 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ತಿರುಮಲಾಚಾರ್ ಅವರೂ ನಮ್ಮ ಕಡೆಯವರೇ. ಅವರ ಸಿಹಿತಿಂಡಿ ಅಂಗಡಿಗೆ ಬರುತ್ತಿದ್ದ ಒಬ್ಬ ಇಂಗ್ಲಿಷಿನವನು ಬೇಕಿಂಗ್ ಹೇಳಿಕೊಟ್ಟ ಅಂತ ಕಥೆ ಇದೆ. ಹಾಗಾಗಿ ಈ ಸಭೆಯಲ್ಲಿ ಕೂತ ಯಾರದೋ ಸೋದರಮಾವ, ಯಾರದೋ ಭಾವಮೈದುನ ದಿನಕ್ಕೆ ಸಾವಿರ ಬನ್ನು ಮಾಡುವವರು ಇರಬಹುದು. ಅವರ ಮುಂದೆ ನಾನು ಯಾವ ಲೆಕ್ಕ? ನಾನು ಬೇಕರಿ ನಡೆಸುವವಳಲ್ಲ, ಕ್ಲಾಸ್ ತಗೊಳ್ಳುವವಳೂ ಅಲ್ಲ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಯಾರಾದರೂ ಬಂದರೆ ಏನಾದರೂ ಕುರುಕಲು ಮಾಡುವವಳು. ಮಧ್ಯೆ ಬಿಡುವಾದಾಗ ಓವನ್ ಹಚ್ಚುತ್ತೇನೆ.

ಒಂದು ವಿಷಯ ನಾನು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಸೊಗಸಾಗಿ ಅಡುಗೆ ಮಾಡುವವರು ಕೇಕ್ ವಿಷಯಕ್ಕೆ ಬಂದಾಗ ಎಡವುತ್ತಾರೆ. ಹುಳಿ, ಗೊಜ್ಜು, ಹೋಳಿಗೆ ಎಲ್ಲದರಲ್ಲೂ ಎತ್ತಿದ ಕೈ. ಕೇಕ್ ಮಾತ್ರ ಕಲ್ಲು. ಯಾಕೆ ಹೀಗೆ?

ಸಾರು ಮಾಡುವಾಗ ನಾವು ಏನು ಮಾಡುತ್ತೇವೆ ನೋಡಿ. ಉಪ್ಪು ಕಮ್ಮಿ ಅನ್ನಿಸಿದರೆ ಒಂದು ಚಿಟಿಕೆ ಹಾಕುತ್ತೇವೆ. ಹುಳಿ ಜಾಸ್ತಿಯಾದರೆ ಒಂದು ಚೂರು ಬೆಲ್ಲ. ನೀರಾಯಿತು ಅಂದರೆ ಇನ್ನೆರಡು ಕುದಿ. ಇಳಿಸಿ ಒಗ್ಗರಣೆ ಹಾಕುವವರೆಗೂ ಸಾರು ನಮ್ಮ ಮಾತು ಕೇಳುತ್ತೆ. ನಮ್ಮ ಅಡುಗೆಯ ಜಾಣತನ ಬಹುಪಾಲು ಹೀಗೆ ನಡುವೆ ತಿದ್ದಿಕೊಳ್ಳುವುದರಲ್ಲಿದೆ. ಕೇಕ್ ಟಿನ್ ಒಳಗೆ ಹೋಗಿ ಬಾಗಿಲು ಹಾಕಿದ ಮೇಲೆ ಈ ಜಾಣತನಕ್ಕೆ ಕೆಲಸವೇ ಇಲ್ಲ. ಗಾಜಿನ ಮುಂದೆ ಕೂತು ನೋಡಬಹುದು, ಅಷ್ಟೇ. ನಮ್ಮ ತಿಂಡಿಗಳಲ್ಲಿ ಮೈಸೂರು ಪಾಕ್ ಸ್ವಲ್ಪ ಈ ಜಾತಿಯದ್ದು. ಪಾಕ ಮೀರಿದರೆ ಮೀರಿತು, ಆಮೇಲೆ ಏನೂ ಮಾಡೋಕಾಗಲ್ಲ.

ಹಾಗಾಗಿ ಬೇಕಿಂಗ್‌ನಲ್ಲಿ ಯೋಚನೆ ಎಲ್ಲಾ ಬಾಗಿಲು ಹಾಕುವ ಮೊದಲೇ ಮುಗಿದಿರಬೇಕು. ಮೊದಲೇ ಯೋಚಿಸಬೇಕು ಅಂದರೆ ಯಾವ ಸಾಮಾನು ಒಳಗೆ ಹೋಗಿ ಏನು ಮಾಡುತ್ತೆ ಅಂತ ಗೊತ್ತಿರಬೇಕು. ಸುಲಭದ ರೆಸಿಪಿಗಳು ನನಗೆ ಇಷ್ಟವಾಗೋದು ಇದಕ್ಕೇ. ಐದಾರು ಸಾಮಾನು ಇದ್ದರೆ ಒಂದೊಂದನ್ನೂ ಹಿಡಿದು ಕೇಳಬಹುದು: ನಿನಗಿಲ್ಲಿ ಏನು ಕೆಲಸ? ಹದಿನೆಂಟು ಸಾಮಾನಿನ ರೆಸಿಪಿಯಲ್ಲಿ ಹಾಳಾದರೆ ಯಾರ ಮೇಲೆ ತಪ್ಪು ಹೊರಿಸೋದು ಅಂತಲೇ ತಿಳಿಯುವುದಿಲ್ಲ.

ಸಾಮಾನಿನ ಕೆಲಸ ತಿಳಿದವರು ಅದನ್ನು ಬದಲಾಯಿಸಲೂ ಬಲ್ಲರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಅಂತ ಒಬ್ಬ ಔಷಧಿ ಅಂಗಡಿಯವನಿದ್ದ. ಅವನ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ, ಯೀಸ್ಟ್ ಕೂಡ ಆಗುತ್ತಿರಲಿಲ್ಲ. ಮೊಟ್ಟೆ ಆಗಲ್ಲ ಅಂತ 1837ರಲ್ಲಿ ಕಾರ್ನ್‌ಫ್ಲೋರ್‌ನಿಂದ ಕಸ್ಟರ್ಡ್ ಪುಡಿ ಮಾಡಿದ. ಯೀಸ್ಟ್ ಆಗಲ್ಲ ಅಂತ 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ಇವತ್ತು ನಮ್ಮ ಮದುವೆ ಊಟದ ಫ್ರೂಟ್ ಸಲಾಡ್‌ವರೆಗೂ ಆ ಕಸ್ಟರ್ಡ್ ಪುಡಿ ಬಂದಿದೆ. ಇನ್ನೊಂದು ಕಥೆ ಕೇರಳದ ತಲಶ್ಶೇರಿಯದ್ದು. 1883ರಲ್ಲಿ ಮರ್ಡಾಕ್ ಬ್ರೌನ್ ಅನ್ನುವ ತೋಟದ ಸಾಹುಕಾರ ಇಂಗ್ಲೆಂಡಿನ ಕ್ರಿಸ್ಮಸ್ ಕೇಕ್ ಒಂದನ್ನು ತಂದು, ಬಿಸ್ಕತ್ತು ಮಾಡುತ್ತಿದ್ದ ಮಾಂಬಳ್ಳಿ ಬಾಪು ಅವರ ಮುಂದಿಟ್ಟು, ಇಂಥದ್ದು ಮಾಡಿಕೊಡು ಅಂದನಂತೆ. ಫ್ರೆಂಚ್ ಬ್ರಾಂದಿ ಹಾಕಬೇಕು ಅಂತಲೂ ಹೇಳಿದ್ದನಂತೆ. ಬಾಪು ಅದರ ಬದಲು ಗೇರುಹಣ್ಣಿನ ನಾಡ ಸಾರಾಯಿ ಹಾಕಿ ಕೇಕ್ ಮಾಡಿದರು ಅಂತ ಹೇಳುತ್ತಾರೆ. ನಮ್ಮ ಅಯ್ಯಂಗಾರ್ ಬೇಕರಿಯವರಂತೂ ಮೊಟ್ಟೆಯನ್ನೇ ಪಕ್ಕಕ್ಕಿಟ್ಟು ಕೇಕ್ ಉಬ್ಬಿಸಿದವರು. ರೆಸಿಪಿಯನ್ನು ಹಾಗೇ ಒಪ್ಪಿಸಿ ಯಾರೂ ಇಂಥದ್ದನ್ನು ಸಾಧಿಸಲಾರರು.

ಈಗ ಒಂದು ಮೊಸರಿನ ಕೇಕ್ ತಗೊಳ್ಳೋಣ. ಮೊಟ್ಟೆ ಇಲ್ಲ. ಮೈದಾ 190 ಗ್ರಾಂ, ಮೊಸರು 240 ಗ್ರಾಂ, ಸಕ್ಕರೆ 150 ಗ್ರಾಂ, ವಾಸನೆ ಇಲ್ಲದ ಎಣ್ಣೆ 100 ಮಿಲಿ, ಅಡುಗೆ ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಚಿಟಿಕೆ ಉಪ್ಪು. ಏಲಕ್ಕಿಯೋ ವೆನಿಲ್ಲಾವೋ ನಿಮ್ಮ ಇಷ್ಟ. ಏಳು ಇಂಚಿನ ಟಿನ್, 180 ಡಿಗ್ರಿ, ಮೂವತ್ತೈದರಿಂದ ನಲವತ್ತು ನಿಮಿಷ.

ಗ್ರಾಂ ಲೆಕ್ಕ ಹೇಳಿದೆ, ಕಪ್ ಲೆಕ್ಕ ಹೇಳಲಿಲ್ಲ. ಅದಕ್ಕೆ ಕಾರಣ ಇದೆ. ನಮ್ಮ ಮನೆಗಳಲ್ಲಿ ಕಪ್ ಅಂದರೆ ಕಾಫಿ ಲೋಟದಿಂದ ಪಾಯಸದ ಬಟ್ಟಲವರೆಗೆ ಏನು ಬೇಕಾದರೂ ಆಗಬಹುದು. ರೆಸಿಪಿಯ ಕಪ್ ಸಾಮಾನ್ಯವಾಗಿ 240 ಮಿಲಿ. ಸರಿ, ಅದನ್ನೇ ಅಂಗಡಿಯಿಂದ ತಂದಿರಿ ಅಂದುಕೊಳ್ಳಿ. ಜರಡಿ ಹಿಡಿದ ಮೈದಾವನ್ನು ಸುಮ್ನೆ ಚಮಚದಲ್ಲಿ ತುಂಬಿದರೆ ಆ ಕಪ್ಪಿನಲ್ಲಿ 120 ಗ್ರಾಂ ಹಿಡಿಯುತ್ತೆ. ಡಬ್ಬಿಗೇ ಕಪ್ ಮುಳುಗಿಸಿ ಒತ್ತಿ ತೆಗೆದರೆ 150 ಗ್ರಾಂ. ಕಾಲು ಭಾಗ ಜಾಸ್ತಿ! ಅಷ್ಟು ಹಿಟ್ಟು ಹೆಚ್ಚಾದರೆ ಕೇಕ್ ಒಣಗದೆ ಇನ್ನೇನಾಗುತ್ತೆ? ನನ್ನನ್ನು ಕೇಳಿದರೆ ಓವನ್‌ಗಿಂತ ಮೊದಲು ಒಂದು ಸಣ್ಣ ತಕ್ಕಡಿ ತಗೊಳ್ಳಿ. ಡಿಜಿಟಲ್ ತಕ್ಕಡಿಗಳು ಈಗ ಪಾತ್ರೆ ಅಂಗಡಿಯಲ್ಲೇ ಸಿಗುತ್ತವೆ. "ನಮ್ಮ ಹಿರಿಯರು ಕಣ್ಣಳತೆಯಲ್ಲೇ ಮಾಡುತ್ತಿದ್ದರಲ್ಲ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾಡುತ್ತಿದ್ದರು, ನಿಜ. ಆದರೆ ಅವರ ಹತ್ತಿರ ಅದೇ ಪಾವು, ಅದೇ ಚಟಾಕು, ಅದೇ ಕೊಳಗ ವರ್ಷಾನುಗಟ್ಟಲೆ ಇರುತ್ತಿದ್ದವು. ಕಣ್ಣಿಗೆ ಆ ಅಳತೆ ಕೂತಿರುತ್ತಿತ್ತು. ನಮ್ಮ ಕಣ್ಣಿಗೆ ಬೇಕಿಂಗ್ ಪೌಡರ್ ಅಳತೆ ಇನ್ನೂ ಕೂತಿಲ್ಲ.

ಸೋಡಾ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೇಕಿನ ಅರ್ಧ ಸಮಸ್ಯೆ ಇಲ್ಲೇ ಇರೋದು. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೊನೇಟ್. ಅದಕ್ಕೆ ಹುಳಿ ಸಿಕ್ಕಿದ ತಕ್ಷಣ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತೆ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವೇ ಆ ಹುಳಿ. ಬಟ್ಟಲಲ್ಲಿ ಮೊಸರು ಹಾಕಿ ಮೇಲೆ ಸೋಡಾ ಉದುರಿಸಿ ಎರಡು ಸಲ ಕಲಕಿ ನೋಡಿ. ನೋಡನೋಡುತ್ತಲೇ ಮೊಸರು ನೊರೆ ಎದ್ದು ಬಟ್ಟಲಿನ ಅಂಚಿಗೆ ಬರುತ್ತೆ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚಿಟಿಚಿಟಿ ಸದ್ದು. ಚೆನ್ನಾಗಿದೆ ಅಲ್ವಾ? ಆದರೆ ಅಲ್ಲಿ ಹೊರಗೆ ಹೋಗುತ್ತಿರುವುದು ಕೇಕಿನ ಒಳಗೆ ಇರಬೇಕಾದ ಗಾಳಿ.

ಇದನ್ನು ನಂಬದ ನನ್ನ ತಂಗಿಗಾಗಿ ಒಮ್ಮೆ ಬೇಕೆಂದೇ ಒಂದು ಪರೀಕ್ಷೆ ಮಾಡಿದೆ. ಬೇಕಿಂಗ್ ಪೌಡರ್ ಬಿಟ್ಟು, ಬರೀ ಸೋಡಾ ಹಾಕಿ ಹಿಟ್ಟು ಕಲಸಿ, ಎರಡು ಸ್ಟೀಲ್ ಬಟ್ಟಲಿಗೆ ಸಮನಾಗಿ ಹಾಕಿದೆ. ಒಂದನ್ನು ತಕ್ಷಣ ಓವನ್‌ಗೆ ಇಟ್ಟೆ. ಇನ್ನೊಂದನ್ನು ಕಟ್ಟೆ ಮೇಲೆ ಅರ್ಧ ಗಂಟೆ ಬಿಟ್ಟು ಆಮೇಲೆ ಇಟ್ಟೆ. ಮೊದಲನೆಯದು ಬಟ್ಟಲಿನ ಅಂಚು ದಾಟಿ ಗುಮ್ಮಟದ ಹಾಗೆ ಎದ್ದಿತು, ನೆತ್ತಿ ಸ್ವಲ್ಪ ಬಿರಿಯಿತು. ಎರಡನೆಯದು ಚಪ್ಪಟೆ. ಕತ್ತರಿಸಿದಾಗ ಮೊದಲನೆಯದರಲ್ಲಿ ಸಣ್ಣ ಸಣ್ಣ ತೂತುಗಳು ಒತ್ತೊತ್ತಾಗಿ ಇದ್ದವು. ಎರಡನೆಯದರ ತಳದಲ್ಲಿ ಹಲ್ವದಂಥ ಒಂದು ಪದರ ಕೂತಿತ್ತು. ಹಿಟ್ಟು ಅದೇ, ಸೋಡಾ ಅದೇ, ಓವನ್ ಅದೇ. ಹಿಟ್ಟು ಕಲಸಿದ ಮೇಲೆ ಟಿನ್ನಿಗೆ ಎಣ್ಣೆ ಸವರಲು ಹೋಗುವವರು, ಆಗ ಬಟರ್ ಪೇಪರ್ ಹುಡುಕುವವರು, ಫೋನ್ ಬಂತು ಅಂತ ಎದ್ದು ಹೋಗುವವರು ಈ ಎರಡನೇ ಬಟ್ಟಲನ್ನು ನೆನಪಿಡಬೇಕು. ಓವನ್ ಮೊದಲು ಕಾದಿರಲಿ, ಟಿನ್ ತಯಾರಿರಲಿ, ಆಮೇಲೆ ಸೋಡಾ.

ಬೇಕಿಂಗ್ ಪೌಡರ್‌ನಲ್ಲಿ ಸೋಡಾ ಜೊತೆಗೆ ಪುಡಿ ರೂಪದ ಆಮ್ಲವೂ, ತೇವ ಹೀರುವುದಕ್ಕೆ ಸ್ವಲ್ಪ ಪಿಷ್ಟದ ಪುಡಿಯೂ ಇರುತ್ತೆ. ಹುಳಿ ತನ್ನ ಜೊತೆಯಲ್ಲೇ ಇರುವುದರಿಂದ ಅದಕ್ಕೆ ಮೊಸರೇ ಬೇಕು ಅಂತಿಲ್ಲ, ಹಾಲು ನೀರು ಸಾಕು. ಈಗ ಸಿಗುವ ಎಷ್ಟೋ ಪೌಡರ್‌ಗಳು ಅರ್ಧ ಕೆಲಸವನ್ನು ಒದ್ದೆಯಾದಾಗ, ಉಳಿದರ್ಧವನ್ನು ಬಿಸಿ ತಗುಲಿದಾಗ ಮಾಡುತ್ತವೆ. ಸೋಡಾದ ಶಕ್ತಿ ಇದರ ಮೂರು ನಾಲ್ಕು ಪಟ್ಟು. ಹಾಗಾಗಿ ಒಂದರ ಬದಲು ಇನ್ನೊಂದನ್ನು ಅದೇ ಅಳತೆಯಲ್ಲಿ ಹಾಕಿದರೆ ಕೆಟ್ಟಿತು. ಹುಳಿ ಸಾಲದೆ ಸೋಡಾ ಮಿಕ್ಕಿದರೆ ನಾಲಿಗೆ ಮೇಲೆ ಸೋಪಿನ ರುಚಿ ಬರುತ್ತೆ. ಅಂಗಡಿಯ ಬೋಂಡದಲ್ಲಿ ಒಮ್ಮೊಮ್ಮೆ ಬರುತ್ತಲ್ಲ, ಅದೇ. ಡಬ್ಬಿ ಹಳೆಯದಾಗಿದ್ದರೆ ಹಾಕುವ ಮೊದಲು ನೋಡಿಕೊಳ್ಳಿ. ಬೇಕಿಂಗ್ ಪೌಡರ್‌ಗೆ ಬಿಸಿನೀರು, ಸೋಡಾಕ್ಕೆ ನಿಂಬೆರಸ. ಬುರುಗು ಜೋರಾಗಿ ಎದ್ದರೆ ಜೀವ ಇದೆ ಅಂತ. ಈನೋ ಹಾಕುವವರೂ ಇದ್ದಾರೆ. ಅದರಲ್ಲಿ ಸೋಡಾ, ಸಿಟ್ರಿಕ್ ಆಮ್ಲ ಎರಡೂ ಇರುವುದರಿಂದ ಕೆಲಸ ಆಗುತ್ತೆ, ಆದರೆ ಅದಕ್ಕೆ ಅವಸರ ಇನ್ನೂ ಜಾಸ್ತಿ. ಢೋಕ್ಲಾಕ್ಕೆ ಸರಿ.

ಇನ್ನು ಮೈದಾ. ಪಾಪ, ಮೈದಾವನ್ನು ಎಲ್ಲರೂ ಬೈಯುತ್ತಾರೆ. ಆರೋಗ್ಯದ ಮಾತು ಪಕ್ಕಕ್ಕಿರಲಿ. ಮೈದಾಕ್ಕೆ ನೀರು ಸೇರಿಸಿ ನಾದಿದರೆ ಗ್ಲುಟೆನ್ ಅನ್ನುವ ಎಳೆ ಬರುತ್ತೆ. ಈ ಎಳೆಯನ್ನು ಪಳಗಿಸುವುದು ಹೋಳಿಗೆ ಮಾಡುವ ನಮಗೆ ಯಾರೂ ಕಲಿಸಬೇಕಾಗಿಲ್ಲ. ಕಣಕ ಕಲಸಿ, ನಾದಿ ನಾದಿ, ಎಣ್ಣೆಯಲ್ಲಿ ಮುಳುಗಿಸಿ ಎರಡು ಮೂರು ಗಂಟೆ ಬಿಡುತ್ತೇವೆ. ಆಮೇಲೆ ಅದು ಹರಿಯದೆ ಹೂರಣದ ಸುತ್ತ ತೆಳ್ಳಗೆ ಎಳೆದುಕೊಳ್ಳುತ್ತೆ. ಅದೇ ಎಳೆ ಕೇಕಿಗೆ ಬಂದರೆ ರಬ್ಬರು. ಇಡ್ಲಿ ಸಂಪಣವನ್ನು ಕೈಯಿಂದ ಬಡಿದು ಅಭ್ಯಾಸ ಇರುವವರು ಕೇಕ್ ಹಿಟ್ಟನ್ನೂ ಹಾಗೇ ಬಡಿಯುತ್ತಾರೆ. ಬೇಡ. ಸಕ್ಕರೆ, ಮೊಸರು, ಎಣ್ಣೆಯನ್ನು ಎಷ್ಟು ಬೇಕಾದರೂ ಬಡಿಯಿರಿ. ಮೈದಾ ಬಿದ್ದ ಮೇಲೆ ಮಾತ್ರ ಕೈ ಹಗುರ ಇರಲಿ. ಬಿಳಿ ಪುಡಿ ಕಾಣದಷ್ಟಾದರೆ ನಿಲ್ಲಿಸಿ. ಸಣ್ಣಪುಟ್ಟ ಗಂಟು ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ನಾನ್‌ಖಟಾಯಿಯಲ್ಲಿ ಇನ್ನೊಂದು ತುದಿ. ಅಲ್ಲಿ ಎಳೆ ಬರಲೇಬಾರದು, ಬಾಯಲ್ಲಿಟ್ಟರೆ ಪುಡಿಪುಡಿಯಾಗಬೇಕು. ಅದಕ್ಕೇ ನೀರು ಹಾಕುವುದಿಲ್ಲ. ತುಪ್ಪ ಮೈದಾದ ಕಣಕಣಕ್ಕೂ ಅಂಟಿಕೊಂಡು ನೀರು ತಾಗದ ಹಾಗೆ ನೋಡಿಕೊಳ್ಳುತ್ತೆ. ಮನೆಯಲ್ಲಿ ಕಡೆದ ಬೆಣ್ಣೆ ಹಾಕುವವರು ಒಂದು ಮಾತು ಕೇಳಿ. ಅಂಗಡಿಯ ಟೇಬಲ್ ಬಟರ್‌ನಲ್ಲಿ ಕೊಬ್ಬು ನೂರಕ್ಕೆ 80ಕ್ಕಿಂತ ಕಡಿಮೆ ಇರುವಂತಿಲ್ಲ ಅಂತ ಕಾನೂನೇ ಇದೆ. ಮನೆ ಬೆಣ್ಣೆಯಲ್ಲಿ ನೀರು ಎಷ್ಟಿದೆ ಅನ್ನೋದು ನೀವು ಎಷ್ಟು ಹಿಂಡಿದ್ದೀರಿ ಅನ್ನುವುದರ ಮೇಲೆ. ಬಿಸ್ಕತ್ತು ಗಟ್ಟಿಯಾಯಿತು ಅಂದರೆ ಮೊದಲು ಬೆಣ್ಣೆ ಮುದ್ದೆಯನ್ನು ಒತ್ತಿ ನೋಡಿ, ನೀರು ಜಿನುಗಬಹುದು. ತುಪ್ಪದಲ್ಲಿ ಈ ತಾಪತ್ರಯವೇ ಇಲ್ಲ.

ಕರಾವಳಿ ಕಡೆಯವರು ಯಾರಾದರೂ ಇದ್ದೀರಾ? ಇದ್ದರೆ ಬನ್ಸ್ ಗೊತ್ತಿರುತ್ತೆ. ಕಳಿತ ಬಾಳೆಹಣ್ಣು, ಸಕ್ಕರೆ, ಮೊಸರು, ಸೋಡಾ, ಜೀರಿಗೆ, ಮೈದಾ. ರಾತ್ರಿ ಕಲಸಿಟ್ಟು ಬೆಳಿಗ್ಗೆ ಲಟ್ಟಿಸಿ ಕರಿಯೋದು. ಈ ಪಟ್ಟಿಗೆ ಎಣ್ಣೆ ಸೇರಿಸಿ, ಜೀರಿಗೆ ತೆಗೆದು, ಮೈದಾ ಕಡಿಮೆ ಮಾಡಿ, ಹಿಟ್ಟನ್ನು ಸುರಿಯುವ ಹದಕ್ಕೆ ತಂದರೆ ಅದು ಬಾಳೆಹಣ್ಣಿನ ಕೇಕ್. ಮಂಗಳೂರಿನ ಅಡುಗೆಮನೆಗೂ ಕೇಕಿಗೂ ಇರುವ ದೂರ ಇಷ್ಟೇ. ಹಣ್ಣಿನ ಸಿಪ್ಪೆ ಕಪ್ಪು ಚುಕ್ಕೆಯಿಂದ ತುಂಬಿರಬೇಕು. ಹಣ್ಣು ಮಾಗಿದಷ್ಟೂ ಪಿಷ್ಟ ಸಕ್ಕರೆಯಾಗಿರುತ್ತೆ, ಚೆನ್ನಾಗಿ ಮಸೆಯಲೂ ಬರುತ್ತೆ. ಮನೆಯಲ್ಲಿ ಯಾರೂ ಮುಟ್ಟದ ಪಚ್ಚಬಾಳೆ ಇದಕ್ಕೆ ಹೇಳಿ ಮಾಡಿಸಿದ್ದು. ಏಲಕ್ಕಿ ಬಾಳೆ ಹಾಕಿದರೆ ಸಣ್ಣ ಹುಳಿ ಬರುತ್ತೆ, ನನಗೆ ಅದು ಇನ್ನೂ ಇಷ್ಟ.

ರಾಗಿ ಬಗ್ಗೆ ಹೇಳದೆ ಹೋದರೆ ಈ ಜಿಲ್ಲೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಮೊಟ್ಟೆಯನ್ನೂ ಬಿಟ್ಟು ಪೂರ್ತಿ ರಾಗಿಯಲ್ಲೇ ಕೇಕ್ ಮಾಡಿದರೆ ಅದನ್ನು ಹಿಡಿದು ನಿಲ್ಲಿಸುವವರೇ ಇಲ್ಲ, ಚಾಕು ಇಟ್ಟರೆ ಉದುರುತ್ತೆ. ಮೂರನೇ ಒಂದು ಭಾಗ ರಾಗಿ, ಉಳಿದದ್ದು ಮೈದಾ ಅಥವಾ ಗೋಧಿ ಹಾಕಿ. ಧೈರ್ಯ ಬಂದ ಮೇಲೆ ಅರ್ಧಕ್ಕೆ ಹೋಗಿ. ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ತಣ್ಣಗಾದ ಮೇಲೆ ಮೊಸರಿನಲ್ಲಿ ಅರ್ಧ ಗಂಟೆ ನೆನೆಸಿ. ಹಲ್ಲಿಗೆ ಸಿಗುವ ತರಿ ಹೋಗುತ್ತೆ. ಸಕ್ಕರೆ ಬದಲು ಬೆಲ್ಲ ಹಾಕುವುದಾದರೆ ಕರಗಿಸಿ ಸೋಸಿ, ಪೂರ್ತಿ ಆರಲು ಬಿಡಿ. ಬೆಲ್ಲದಲ್ಲಿ ತನ್ನದೇ ತೇವ ಇರುವುದರಿಂದ ಮೊಸರು ಒಂದೆರಡು ಚಮಚ ಕಮ್ಮಿ ಮಾಡಿ. ಕೇಕ್ ಸ್ವಲ್ಪ ಭಾರವಾಗಿ, ಒದ್ದೆಯಾಗಿ ಬರುತ್ತೆ. ಚೆನ್ನಾಗಿಯೇ ಇರುತ್ತೆ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ರಾಗಿ ಹಾಕಿದ ಮಾತ್ರಕ್ಕೆ ಕೇಕ್ ಔಷಧಿ ಆಗುವುದಿಲ್ಲ. ರಾಗಿ ತಿನ್ನುವ ಆಸೆ ಇದ್ದರೆ ಮುದ್ದೆ ಇದೆ, ಬಸ್ಸಾರು ಇದೆ.

ಬಿಸಿಯ ವಿಷಯಕ್ಕೆ ಬರೋಣ. ಇಡ್ಲಿಯನ್ನು ಎಷ್ಟು ಹೊತ್ತು ಬೇಯಿಸಿದರೂ ಕೆಂಪಾಗುವುದಿಲ್ಲ. ಯಾಕೆ? ಹಬೆಯ ಬಿಸಿ ನೀರು ಕುದಿಯುವ ಬಿಸಿಗಿಂತ ಮೇಲೆ ಹೋಗದು. ನಮ್ಮ ಹಾಸನ ಸಮುದ್ರಮಟ್ಟದಿಂದ ಹೆಚ್ಚೂಕಡಿಮೆ 950 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ನೀರು 100 ಡಿಗ್ರಿಗೆ ಮೊದಲೇ, 97ರ ಹತ್ತಿರ ಕುದಿಯುತ್ತೆ. ಕೆಂಬಣ್ಣ, ಆ ಬೇಕರಿ ಘಮ ಬರಬೇಕಾದರೆ ಮೇಲ್ಮೈ ಒಣಗಿ 140 ಡಿಗ್ರಿ ಆಸುಪಾಸು ದಾಟಬೇಕು. ಓವನ್‌ನಲ್ಲಿ 180 ಇಟ್ಟರೂ ಕೇಕಿನ ಒಳಗೆ ತೇವ ಇರುವವರೆಗೆ ಅದು 100 ದಾಟುವುದಿಲ್ಲ, ಹೊರಗಿನ ಪದರ ಮಾತ್ರ ದಾಟುತ್ತೆ. ಒಳಗೆ ಇಡ್ಲಿ, ಹೊರಗೆ ದೋಸೆ ಅಂದುಕೊಳ್ಳಿ. ಓವನ್ ಅತಿ ಬಿಸಿಯಾದರೆ ಒಳಗಿನ ಇಡ್ಲಿ ಬೇಯುವ ಮೊದಲೇ ಹೊರಗಿನ ದೋಸೆ ಕರಿಕಾಗುತ್ತೆ. ಬಿಸಿ ಸಾಲದಿದ್ದರೆ ಇಡ್ಲಿ ಬೆಂದರೂ ದೋಸೆ ಬಿಳಿಚಿಕೊಂಡಿರುತ್ತೆ.

ಮನೆಯ ಓಟಿಜಿಯ, ಅಂದರೆ ಕರೆಂಟಿನ ಸಣ್ಣ ಓವನ್ನಿನ, ತಿರುಗಣೆ 180 ಅಂತ ತೋರಿಸಿದರೆ ಒಳಗೆ ಅಷ್ಟೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹತ್ತಿಪ್ಪತ್ತು ಡಿಗ್ರಿ ಆಚೀಚೆ ಸಾಮಾನ್ಯ. ಇದನ್ನು ಹಿಡಿಯಲು ಒಂದು ಸೊಗಸಾದ ಉಪಾಯ ಇದೆ. ಸಕ್ಕರೆ ಕರಗೋದು 186 ಡಿಗ್ರಿಯಲ್ಲಿ. ಒಂದು ಚಮಚ ಸಕ್ಕರೆಯನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ಹರಡಿ 175ರಲ್ಲಿ ಕಾಲು ಗಂಟೆ ಇಡಿ. ಹರಳು ಹರಳಾಗೇ ಇರಬೇಕು. ಕರಗಿದರೆ ನಿಮ್ಮ ಓವನ್ ತೋರಿಸುವುದಕ್ಕಿಂತ ಬಿಸಿ. ಇನ್ನೊಂದು ಚಮಚ ಸಕ್ಕರೆಯನ್ನು 190ರಲ್ಲಿ ಇಡಿ. ಈ ಸಲ ಕರಗಬೇಕು. ಕರಗದಿದ್ದರೆ ಓವನ್ ತಣ್ಣಗಿದೆ. ಎರಡು ಚಮಚ ಸಕ್ಕರೆಯಲ್ಲಿ ಓವನ್ನಿನ ಬಣ್ಣ ಬಯಲು.

ಓವನ್ ಇಲ್ಲದವರು ಕುಕ್ಕರ್‌ನಲ್ಲಿ ಮಾಡುತ್ತಾರೆ. ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದು, ತಳದಲ್ಲಿ ಉಪ್ಪೋ ಮರಳೋ ಹರಡಿ, ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಆಮೇಲೆ ಟಿನ್ ಇಡೋದು. ಕೇಕ್ ಚೆನ್ನಾಗಿಯೇ ಬರುತ್ತೆ. ಆದರೆ ಕುಕ್ಕರ್ ಜೊತೆ ಬರುವ ಪುಸ್ತಕದಲ್ಲಿ ನೀರಿಲ್ಲದೆ ಒಲೆ ಮೇಲೆ ಇಡಬೇಡಿ ಅಂತ ಬರೆದಿರುತ್ತಾರೆ. ದಿನಾ ಬೇಳೆ ಬೇಯಿಸುವ ಕುಕ್ಕರ್ ಯಾಕೆ ಹಾಳು ಮಾಡಿಕೊಳ್ಳಬೇಕು? ದಪ್ಪ ತಳದ ಹಳೇ ಪಾತ್ರೆ, ಮೇಲೆ ಬಿಗಿಯಾಗಿ ಕೂರುವ ಮುಚ್ಚಳ ಇದ್ದರೆ ಸಾಕು. ಇದರಲ್ಲಿ ಬಿಸಿ ತಳದಿಂದ ಬರುವುದರಿಂದ ಕೇಕಿನ ನೆತ್ತಿ ಬಿಳಿಯಾಗೇ ಉಳಿಯುತ್ತೆ. ಕೊಂಕಣಿ ಮನೆಗಳಲ್ಲಿ ಸೌತೆಕಾಯಿ, ಅಕ್ಕಿ ತರಿ, ಬೆಲ್ಲ, ಕಾಯಿತುರಿ ಹಾಕಿ ತವಸಳಿ ಮಾಡುವಾಗ ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಡುವ ಕ್ರಮ ಇತ್ತು. ಓಟಿಜಿಯಲ್ಲಿ ಮೇಲೊಂದು ಕೆಳಗೊಂದು ರಾಡ್ ಇರುತ್ತಲ್ಲ, ಅದೂ ಮಾಡೋದು ಅದೇ ಕೆಲಸ.

ಕೊನೆಗೆ ಖಾರದ ಬನ್. ನನ್ನ ಕೈ ಹೆಚ್ಚು ಆಡಿರುವುದು ಇದರಲ್ಲೇ. ಮೈದಾ 250 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ ಒಂದು ಟೀ ಚಮಚ, ಸಕ್ಕರೆ ಒಂದು ಟೀ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಬೆಚ್ಚಗಿನ ಹಾಲು ನೀರು ಸೇರಿ 150 ಮಿಲಿ, ಬೆಣ್ಣೆ ನಿಂಬೆ ಗಾತ್ರ. ಇದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು. ಯೀಸ್ಟ್ ಜೀವ ಇರುವ ವಸ್ತು. 60 ಡಿಗ್ರಿ ಹತ್ತಿರದ ಬಿಸಿ ತಗುಲಿದರೆ ಸತ್ತುಹೋಗುತ್ತೆ. ಬೆರಳು ಅದ್ದಿದರೆ ಹಿತವಾಗಿರಬೇಕು, ಚುರ್ ಅನ್ನಬಾರದು. ಕೇಕಿಗೆ ಬೇಡ ಅಂದ ನಾದುವಿಕೆ ಇಲ್ಲಿ ಬೇಕೇ ಬೇಕು. ಹತ್ತು ನಿಮಿಷ ನಾದಿ, ಒಂದು ಚೂರು ಹಿಟ್ಟು ತಗೊಂಡು ಎರಡೂ ಕೈಯ ಬೆರಳಿಂದ ನಿಧಾನಕ್ಕೆ ಅಗಲಿಸಿ. ಹರಿಯದೆ ಹಿಂದಿನ ಬೆಳಕು ಕಾಣುವಷ್ಟು ತೆಳ್ಳಗಾದರೆ ಎಳೆ ಬಂದಿದೆ ಅಂತ. ಯೀಸ್ಟ್ ಬಿಡುವ ಅನಿಲವನ್ನು ಹಿಡಿದಿಡುವುದು ಆ ಎಳೆಯೇ.

ಮೋಸ ಇರೋದು ಈರುಳ್ಳಿಯಲ್ಲಿ. ಹಸಿ ಈರುಳ್ಳಿಯನ್ನು ಉಪ್ಪಿರುವ ಹಿಟ್ಟಿಗೆ ಮೊದಲೇ ಹಾಕಿದರೆ ಒಂದು ಗಂಟೆಯೊಳಗೆ ಅದು ನೀರು ಬಿಡುತ್ತೆ. ಗಟ್ಟಿಯಾಗಿದ್ದ ಹಿಟ್ಟು ಕೈಗೆ ಅಂಟುವ ಗೋಂದಾಗುತ್ತೆ. ಗಾಬರಿಯಾಗಿ ಮೇಲಿಂದ ಮೈದಾ ಉದುರಿಸುತ್ತಾರೆ. ಬನ್ ಒಣಕಲಾಗುತ್ತೆ, ಉಪ್ಪೂ ಸಾಲದೆ ಹೋಗುತ್ತೆ. ಹಾಗಾಗಿ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಹಸಿ ವಾಸನೆ ಹೋಗುವಷ್ಟು ಬಾಡಿಸಿ, ಪೂರ್ತಿ ಆರಿಸಿ. ಹಿಟ್ಟು ಒಂದು ಸಲ ಉಬ್ಬಿ ಎರಡರಷ್ಟಾದ ಮೇಲೆ ಅದನ್ನು ತಟ್ಟಿ ಹರಡಿ, ಮೇಲೆ ಈರುಳ್ಳಿ ಮೆಣಸಿನಕಾಯಿ ಎಲ್ಲಾ ಹಾಕಿ ಮಡಿಸಿ, ನಾಲ್ಕು ಸಲ ಒತ್ತಿ ಉಂಡೆ ಕಟ್ಟಿ. ಕೊತ್ತಂಬರಿಯನ್ನು ತೊಳೆದ ಕೂಡಲೇ ಹಾಕಬೇಡಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಉಂಡೆಗಳು ಮತ್ತೆ ಅರ್ಧ ಮುಕ್ಕಾಲು ಗಂಟೆ ಉಬ್ಬಲಿ. ಬೆರಳಿಂದ ಮೆಲ್ಲಗೆ ಒತ್ತಿದರೆ ಗುಳಿ ನಿಧಾನಕ್ಕೆ ಮೇಲೆ ಬರಬೇಕು. ಪಟ್ ಅಂತ ಬಂದರೆ ಇನ್ನೂ ಕಾಯಬೇಕು, ಬರಲೇ ಇಲ್ಲ ಅಂದರೆ ಹೊತ್ತು ಮೀರಿತು. ಮೇಲೆ ಹಾಲು ಸವರಿ 190ರಲ್ಲಿ ಹದಿನೆಂಟು ಇಪ್ಪತ್ತು ನಿಮಿಷ. ತೆಗೆದ ಕೂಡಲೇ ಬೆಣ್ಣೆ.

ಹೊತ್ತಿನ ಲೆಕ್ಕ ಮಾತ್ರ ಯಾರದ್ದನ್ನೂ ನಂಬಬೇಡಿ, ನಾನು ಈಗ ಹೇಳಿದ್ದನ್ನೂ. ಡಿಸೆಂಬರಿನಲ್ಲಿ ಸಕಲೇಶಪುರದಲ್ಲಿ ಎರಡು ಗಂಟೆ ಆದರೂ ಉಬ್ಬದ ಹಿಟ್ಟು ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಮುಕ್ಕಾಲು ಗಂಟೆಗೇ ಪಾತ್ರೆ ದಾಟೀತು. ದೋಸೆ ಹಿಟ್ಟು ಹುಳಿ ಬರುವುದನ್ನು ಗಡಿಯಾರ ನೋಡಿ ನಾವು ತೀರ್ಮಾನ ಮಾಡುವುದಿಲ್ಲ ತಾನೇ? ಮುಚ್ಚಳ ತೆಗೆದು ನೋಡುತ್ತೇವೆ, ಮೂಸುತ್ತೇವೆ. ಇಲ್ಲೂ ಅಷ್ಟೇ ಮಾಡಿ.

ಐಸಿಂಗ್, ಬಣ್ಣದ ಕ್ರೀಮು, ಸಕ್ಕರೆ ಗುಲಾಬಿ ಇವುಗಳ ಬಗ್ಗೆ ನಾನು ಹೇಳುವುದು ಏನೂ ಇಲ್ಲ. ಫೋಟೋಗೆ ಚೆನ್ನಾಗಿರುತ್ತವೆ. ಪ್ರಶ್ನೆ ಇದ್ದರೆ ಕೇಳಿ.

"ಸಕ್ಕರೆ ಅರ್ಧ ಹಾಕಿದರೆ ಆಗಲ್ವಾ?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಸಕ್ಕರೆ ಸಿಹಿ ಮಾತ್ರ ಕೊಡುವುದಾದರೆ ಆಗುತ್ತಿತ್ತು. ಅದು ತೇವ ಹಿಡಿದಿಡುತ್ತೆ, ಗ್ಲುಟೆನ್ ಬಿಗಿಯಾಗದ ಹಾಗೆ ತಡೆಯುತ್ತೆ, ಬಣ್ಣ ಕೊಡುತ್ತೆ. ಅರ್ಧ ತೆಗೆದರೆ ಕೇಕ್ ಬಿಳಿಚಿಕೊಂಡು, ಮಾರನೇ ದಿನಕ್ಕೆ ರಸ್ಕಿನ ಹಾಗೆ ಒಣಗುತ್ತೆ. ಐದನೇ ಒಂದು ಭಾಗ ಕಮ್ಮಿ ಮಾಡಿ, ಅಷ್ಟಕ್ಕೆ ತೊಂದರೆ ಇಲ್ಲ. ಇನ್ನೂ ಕಮ್ಮಿ ಬೇಕಾದರೆ ತುಂಡು ಸಣ್ಣದು ಮಾಡಿ.

"ಮೈಕ್ರೋವೇವ್ ಇದೆ, ಓಟಿಜಿ ಬೇರೆ ತಗೋಬೇಕಾ?" ಬರೀ ಮೈಕ್ರೋವೇವ್ ಆದರೆ ಅದು ಒಳಗಿನ ನೀರನ್ನು ಬಿಸಿ ಮಾಡುತ್ತೆ, ಕೆಂಬಣ್ಣ ಬರುವುದಿಲ್ಲ. ಕನ್ವೆಕ್ಷನ್, ಅಂದರೆ ಒಳಗೆ ಬಿಸಿಗಾಳಿ ಬೀಸುವ ವ್ಯವಸ್ಥೆ, ಇರುವ ಮೈಕ್ರೋವೇವ್ ಆದರೆ ಆ ಬಟನ್ ಒತ್ತಿ ಮಾಡಿ, ಬೇರೆ ಬೇಡ. ಓಟಿಜಿಯೇ ತಗೊಳ್ಳುವುದಾದರೆ ಅಡುಗೆಮನೆಯಲ್ಲಿ ದೊಡ್ಡ ಪ್ಲಗ್ಗಿನ, ಅಂದರೆ 16 ಆಂಪಿಯರ್ ಸಾಕೆಟ್ ಇದೆಯಾ ಅಂತ ಮೊದಲು ನೋಡಿ. ಸ್ವಲ್ಪ ದೊಡ್ಡ ಓಟಿಜಿಗಳು 1500 ವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಎಳೆಯುತ್ತವೆ. ಮಿಕ್ಸಿ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಓಡಿಸಬೇಡಿ.

"ಮೈದಾ ಬೇಡ, ಪೂರ್ತಿ ಗೋಧಿ ಹಿಟ್ಟಲ್ಲೇ ಮಾಡಬೇಕು." ಮಾಡಬಹುದು. ಗೋಧಿ ಹಿಟ್ಟಿನ ತೌಡು ನೀರು ಹೀರುವುದಕ್ಕೆ ಸಮಯ ತಗೊಳ್ಳುತ್ತೆ, ಜಾಸ್ತಿಯೂ ಹೀರುತ್ತೆ. ಎರಡು ಮೂರು ಚಮಚ ಹಾಲು ಹೆಚ್ಚು ಹಾಕಿ, ಹಿಟ್ಟು ಮೊಸರು ಸಕ್ಕರೆ ಎಣ್ಣೆ ಎಲ್ಲಾ ಕಲಸಿ ಹತ್ತು ಹದಿನೈದು ನಿಮಿಷ ಬಿಡಿ. ಆದರೆ ಸೋಡಾ, ಬೇಕಿಂಗ್ ಪೌಡರ್ ಆಗಲೇ ಹಾಕಿಬಿಟ್ಟರೆ ಆ ಎರಡನೇ ಬಟ್ಟಲಿನ ಗತಿಯೇ. ಹಿಟ್ಟು ನೆನೆದ ಮೇಲೆ, ಓವನ್ ಕಾದ ಮೇಲೆ, ಸೋಡಾ ಮತ್ತು ಪೌಡರನ್ನು ಒಂದು ಚಮಚ ಹಾಲಿನ ಜೊತೆ ಮೇಲೆ ಹಾಕಿ ನಾಲ್ಕು ಸುತ್ತು ತಿರುಗಿಸಿ ಟಿನ್ನಿಗೆ ಸುರಿಯಿರಿ.

"ನಡುವೆ ಗುಂಡಿ ಬೀಳುತ್ತೆ, ಯಾಕೆ?" ಮೊದಲ ಇಪ್ಪತ್ತೈದು ನಿಮಿಷದಲ್ಲಿ ಬಾಗಿಲು ತೆಗೆದು ನೋಡಿರುತ್ತೀರಿ. ಆಗ ಗುಳ್ಳೆಗಳ ಸುತ್ತ ಹಿಟ್ಟು ಇನ್ನೂ ಗಟ್ಟಿಯಾಗಿರುವುದಿಲ್ಲ. ತಣ್ಣನೆ ಗಾಳಿ ತಾಗಿದರೆ ಗುಳ್ಳೆ ಕುಗ್ಗಿ ಕೂರುತ್ತೆ. ಬಾಗಿಲು ತೆಗೆಯದೆ ಇದ್ದರೂ ಹೀಗಾದರೆ ಸೋಡಾ ಜಾಸ್ತಿ. ಎರಡೂ ಅಲ್ಲದಿದ್ದರೆ ಬೇಯುವ ಮೊದಲೇ ತೆಗೆದಿದ್ದೀರಿ. ಕಡ್ಡಿ ಚುಚ್ಚುವಾಗ ಅಂಚಿನಲ್ಲಿ ಚುಚ್ಚಬೇಡಿ, ನಡುಮಧ್ಯದಲ್ಲಿ ಚುಚ್ಚಿ.

ಕೊನೆಯ ಪ್ರಶ್ನೆ ಕೇಳಿದವರು ಮಗುವನ್ನು ಎತ್ತಿಕೊಂಡೇ ನಿಂತಿದ್ದರು. "ಕೇಕ್ ಆರುವವರೆಗೆ ಕತ್ತರಿಸಬಾರದು ಅಂತಾರೆ. ಮಕ್ಕಳು ಕಾಯಬೇಕಲ್ಲ?" ಕಾಯಲ್ಲ, ಗೊತ್ತು. ಬಿಸಿ ಇರುವಾಗ ಒಳಗೆ ಹಬೆ ತುಂಬಿರುತ್ತೆ, ಪಿಷ್ಟ ಇನ್ನೂ ಸೆಟ್ ಆಗುತ್ತಿರುತ್ತೆ. ಚಾಕು ಹಾಕಿದರೆ ಮುದ್ದೆಯಾಗಿ ಅಂಟಿಕೊಳ್ಳುತ್ತೆ. ಟಿನ್ನಿನಲ್ಲೇ ಹತ್ತು ನಿಮಿಷ, ಆಮೇಲೆ ಜಾಲರಿ ಮೇಲೆ ಒಂದು ಗಂಟೆಯಾದರೂ ಬೇಕು. ಹಾಗಾಗಿ ಟಿನ್ನಿಗೆ ಹಿಟ್ಟು ಸುರಿಯುವಾಗಲೇ ಮೂರು ಚಮಚ ತೆಗೆದು ಸಣ್ಣ ಸ್ಟೀಲ್ ಬಟ್ಟಲಿಗೆ ಹಾಕಿ, ಓವನ್ ತಟ್ಟೆಯ ಮುಂದಿನ ಅಂಚಿನಲ್ಲಿ ಇಡಿ. ಅದಕ್ಕೋಸ್ಕರ ನಡುವೆ ಬಾಗಿಲು ತೆಗೆಯಬೇಡಿ, ದೊಡ್ಡದರ ಜೊತೆಗೇ ತೆಗೆಯಿರಿ. ಸಣ್ಣದಾದ್ದರಿಂದ ಮೇಲೆ ಸ್ವಲ್ಪ ಬಿಸ್ಕತ್ತಿನಂತಾಗಿರುತ್ತೆ, ಮಕ್ಕಳಿಗೆ ಅದೇ ಇಷ್ಟ. ಹತ್ತು ನಿಮಿಷದಲ್ಲಿ ಆರುತ್ತೆ. ಅದನ್ನು ಅವರ ಕೈಗೆ ಕೊಟ್ಟು, ಟಿನ್ನನ್ನು ಅವರ ಕೈಗೆ ಎಟುಕದ ಅಟ್ಟದ ಮೇಲೆ ಇಟ್ಟುಬಿಡಿ.